ನೆರೆಮನೆಯ ಮಕ್ಕಳು ಬಾಗಿಲು ತಟ್ಟಿದಾಗ

ಉದ್ಯೋಗ ನಿಮಿತ್ತ ಅಮೆರಿಕ, ಕೆನಡಾಗಳಿಗೆ ತೆರಳಿ ಅಲ್ಲಿಯೇ ನೆಲೆಸಿದ ಕುಟುಂಬಗಳು ನಮ್ಮಲ್ಲಿ ಇಂದು ವಿರಳವಲ್ಲ. ಕರಾವಳಿಯ ಊರುಗಳಿಂದ ಹಿಡಿದು ಬೆಂಗಳೂರಿನ ತನಕ ಮಗನೋ ಮಗಳೋ ಅಳಿಯನೋ ಅಲ್ಲಿರುವ ಮನೆಗಳು ಎಷ್ಟೋ ಇವೆ. ಅಂತಹ ಒಂದು ಕುಟುಂಬವು ಬಾಡಿಗೆಯ ಅಪಾರ್ಟ್‌ಮೆಂಟನ್ನು ತೊರೆದು, ಸಾಲು ಮನೆಗಳಿರುವ ಹೊಸ ಬಡಾವಣೆಗೆ ವಾಸ ಬದಲಿಸಿದೆಯೆಂದು ಭಾವಿಸಿರಿ. ನೆರೆಯವರ ಮುಖಪರಿಚಯವಾಗುವಷ್ಟರಲ್ಲಿ ಅಕ್ಟೋಬರ್ ಬಂದು ಬಿಡುತ್ತದೆ. ಮನೆಗಳ ಮುಂದೆ ಕಣ್ಣು, ಬಾಯಿ ಕೆತ್ತಿದ ಕುಂಬಳಕಾಯಿಗಳು, ಬಿಳಿ ಬಟ್ಟೆಯ ಪ್ರೇತಗಳು, ಪ್ಲಾಸ್ಟಿಕ್ಕಿನ ಅಸ್ಥಿಪಂಜರಗಳು ಕಾಣಿಸತೊಡಗುತ್ತವೆ. ಶಾಲೆಯಿಂದ ಮರಳಿದ ಮಗು ಕೇಳುತ್ತದೆ: "ಅಬ್ಬಾ, ಎಲ್ಲರೂ ವೇಷ ಹಾಕುತ್ತಾರೆ. ನನಗೆ ಯಾವ ವೇಷ?"

ಸತ್ಯವಿಶ್ವಾಸಿಗಳಾದ ತಂದೆ ತಾಯಿ ಏನು ಉತ್ತರ ಕೊಡಬೇಕು? ಇದೊಂದು ಮಿಠಾಯಿಯ ವಿಷಯ, ಇದರಲ್ಲಿ ಯೋಚಿಸಲಿಕ್ಕೇನಿದೆ ಎಂದು ನೀವು ಕೇಳಬಹುದು. ಆದರೆ ಈ ಸಣ್ಣ ಪ್ರಶ್ನೆಯಲ್ಲಿ ಎರಡು ದೊಡ್ಡ ಹಕ್ಕುಗಳು ಮುಖಾಮುಖಿಯಾಗಿವೆ. ಒಂದು, ಅಲ್ಲಾಹನ ಹಕ್ಕು. ಇನ್ನೊಂದು, ನೆರೆಯವನ ಹಕ್ಕು. ಇವೆರಡರ ನಡುವೆ ಒಂದು ಎಳೆಯ ಮನಸ್ಸು ನಿಂತುಕೊಂಡು ತನ್ನ ಹೆತ್ತವರು ಯಾವ ಕಾರಣಕ್ಕಾಗಿ ಏನು ಮಾಡುತ್ತಾರೆಂಬುದನ್ನು ನೋಡುತ್ತಿದೆ.

ಹಾಲೋವೀನ್ ಎಂದರೇನು?

ಒಂದು ವಿಷಯದ ಕುರಿತು ತೀರ್ಪು ಕೊಡುವ ಮೊದಲು ಅದನ್ನು ಅರಿಯುವುದು ನ್ಯಾಯ. ಅಕ್ಟೋಬರ್ 31ರ ರಾತ್ರಿ ಆಚರಿಸಲಾಗುವ ಹಾಲೋವೀನ್‌ನ ಬೇರುಗಳನ್ನು ಐರ್ಲೆಂಡ್, ಸ್ಕಾಟ್ಲೆಂಡ್‌ಗಳ ಪ್ರಾಚೀನ ಕೆಲ್ಟಿಕ್ ಜನರ ಸುಗ್ಗಿಯ ಕೊನೆಯ ಹಬ್ಬವಾದ ಸೌವಿನ್‌ನಲ್ಲಿ ಗುರುತಿಸಲಾಗುತ್ತದೆ. ಆ ರಾತ್ರಿ ಸತ್ತವರ ಲೋಕದ ಬಾಗಿಲು ತೆರೆಯುತ್ತದೆ ಎಂಬ ನಂಬಿಕೆ ಇತ್ತು. ನಂತರ ಕ್ರೈಸ್ತ ಚರ್ಚು ನವೆಂಬರ್ 1ನ್ನು ಸಕಲ ಸಂತರ ದಿನವೆಂದೂ ನವೆಂಬರ್ 2ನ್ನು ಸಕಲ ಆತ್ಮಗಳ ದಿನವೆಂದೂ ಆಚರಿಸತೊಡಗಿತು. ಸಂತರ ದಿನದ ಹಿಂದಿನ ಸಂಜೆ ಎಂಬ ಅರ್ಥದ ಇಂಗ್ಲಿಷ್ ಮಾತೇ ಸವೆದು ಹಾಲೋವೀನ್ ಆಯಿತು. ಮಧ್ಯಯುಗದ ಇಂಗ್ಲೆಂಡಿನಲ್ಲಿ ಬಡವರು ಮನೆಮನೆಗೆ ಹೋಗಿ, ಆ ಮನೆಯ ಮೃತರಿಗಾಗಿ ಪ್ರಾರ್ಥಿಸುವೆವೆಂದು ಹೇಳಿ ರೊಟ್ಟಿ ಪಡೆಯುತ್ತಿದ್ದರು. ಐರ್ಲೆಂಡ್, ಸ್ಕಾಟ್ಲೆಂಡ್‌ಗಳಲ್ಲಿ ಮಕ್ಕಳು ವೇಷ ತೊಟ್ಟು ಮನೆಗಳಿಗೆ ಹೋಗುವ ರೂಢಿ ಇತ್ತು.

1845ರಲ್ಲಿ ಐರ್ಲೆಂಡಿನಲ್ಲಿ ಆಲೂಗಡ್ಡೆ ಬೆಳೆಗೆ ರೋಗ ತಗಲಿ ಭೀಕರ ಕ್ಷಾಮ ಬಂತು. ಲಕ್ಷಾಂತರ ಜನ ಹಡಗು ಹತ್ತಿ ಅಮೆರಿಕಕ್ಕೆ ಹೋದರು. ಅವರೊಂದಿಗೆ ಈ ಆಚರಣೆಯೂ ಹೋಯಿತು. ಊರಲ್ಲಿ ಟರ್ನಿಪ್ ಗಡ್ಡೆಯನ್ನು ಕೆತ್ತಿ ದೀಪವಿಡುತ್ತಿದ್ದವರು ಅಮೆರಿಕದಲ್ಲಿ ಹೇರಳವಾಗಿ ಸಿಗುವ ಕುಂಬಳಕಾಯಿಯನ್ನು ಕೆತ್ತತೊಡಗಿದರು. 'ಟ್ರಿಕ್ ಆರ್ ಟ್ರೀಟ್' ಅಂದರೆ 'ತಿನ್ನಲು ಕೊಡಿ, ಇಲ್ಲವಾದರೆ ಕೀಟಲೆ ಮಾಡುವೆವು' ಎಂಬ ಮಾತು 1920ರ ದಶಕದಲ್ಲಿ ಕೆನಡಾದ ಪತ್ರಿಕೆಗಳಲ್ಲಿ ಕಾಣಿಸುತ್ತದೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಸಕ್ಕರೆ ರೇಷನ್ ಆದುದರಿಂದ ಅದು ಹಿಂದೆ ಸರಿಯಿತು. ಯುದ್ಧ ಮುಗಿದ ಮೇಲೆ ಹೊಸ ಬಡಾವಣೆಗಳು ತಲೆಯೆತ್ತಿದಂತೆ ಅದು ಎಲ್ಲೆಡೆ ಹಬ್ಬಿತು. ಇಂದು ಬಾಗಿಲು ತಟ್ಟುವ ಮಕ್ಕಳಲ್ಲಿ ಹೆಚ್ಚಿನವರಿಗೆ ಕೆಲ್ಟರೂ ಗೊತ್ತಿಲ್ಲ, ಸಂತರೂ ಗೊತ್ತಿಲ್ಲ. ಅವರಿಗೆ ಗೊತ್ತಿರುವುದು ಚಾಕಲೇಟು ಮಾತ್ರ. ಆದುದರಿಂದ ಅವರನ್ನು ಶೈತಾನನ ಆರಾಧಕರೆಂದು ಕರೆಯುವುದು ಸುಳ್ಳಾಗುತ್ತದೆ. ಒಂದು ಜನಾಂಗದ ಮೇಲಿನ ದ್ವೇಷವು ನಿಮ್ಮನ್ನು ನ್ಯಾಯದಿಂದ ವಿಮುಖಗೊಳಿಸದಿರಲಿ ಎಂಬ ಕುರ್‌ಆನಿನ ಆದೇಶವು ನಮ್ಮ ನಾಲಗೆಗೂ ಅನ್ವಯಿಸುತ್ತದೆ.

ಎರಡು ಸುಲಭದ ದಾರಿಗಳು

ಮೊದಲನೆಯ ಸುಲಭದ ದಾರಿ ಇದು: 'ಮೂಲ ಏನಾದರೂ ಇರಲಿ, ಈಗ ಇದು ಕೇವಲ ಆಟ. ಎಲ್ಲರ ಮಕ್ಕಳೂ ಹೋಗುತ್ತಾರೆ, ನಮ್ಮದೂ ಹೋಗಲಿ.'

ಈ ವಾದದಲ್ಲಿ ಒಂದು ಸತ್ಯಾಂಶವಿದೆಯೆಂದು ಒಪ್ಪಬೇಕು. ಮೂಲವೊಂದರಿಂದಲೇ ಎಲ್ಲವೂ ನಿಷಿದ್ಧವಾಗುವುದಿಲ್ಲ. ಇಂಗ್ಲಿಷಿನಲ್ಲಿ ಗುರುವಾರಕ್ಕೆ ಇರುವ ಹೆಸರು ಥಾರ್ ಎಂಬ ದೇವತೆಯದ್ದು. ನಮ್ಮ ಕನ್ನಡದ ವಾರಗಳ ಹೆಸರುಗಳು ಗ್ರಹಗಳದ್ದು. ಅವುಗಳನ್ನು ಬಳಸುವುದರಿಂದ ಯಾರ ವಿಶ್ವಾಸವೂ ಕೆಡುವುದಿಲ್ಲ. ಆದರೆ ಹಬ್ಬವೆಂಬುದು ವಾರದ ಹೆಸರಿನಂತಲ್ಲ. ಒಂದು ಸಮುದಾಯ ಯಾವುದನ್ನು ಸಂಭ್ರಮಿಸುತ್ತದೆ ಎಂಬುದನ್ನು ಅದರ ಹಬ್ಬ ಹೇಳುತ್ತದೆ. ಪ್ರವಾದಿವರ್ಯರು(ಸ) ಮದೀನಾಕ್ಕೆ ಬಂದಾಗ ಅಲ್ಲಿನ ಜನರು ಎರಡು ದಿನಗಳಲ್ಲಿ ಆಟವಾಡಿ ಸಂಭ್ರಮಿಸುತ್ತಿದ್ದರು. ಅವುಗಳಿಗಿಂತ ಉತ್ತಮವಾದ ಎರಡು ಈದ್‌ಗಳನ್ನು ಅಲ್ಲಾಹನು ಅವರಿಗೆ ದಯಪಾಲಿಸಿರುವನೆಂದು ಪ್ರವಾದಿ(ಸ) ತಿಳಿಸಿದರು. ಸಂತೋಷವನ್ನು ಅವರು ಕಸಿದುಕೊಳ್ಳಲಿಲ್ಲ, ಸಂತೋಷಕ್ಕೆ ದಿಕ್ಕು ಕೊಟ್ಟರು.

ಹಾಲೋವೀನ್ ಸಂಭ್ರಮಿಸುವುದು ಪ್ರೇತವನ್ನು, ಮಾಟಗಾತಿಯನ್ನು, ಗೋರಿಯನ್ನು. ಮರಣವು ನಮ್ಮ ಪಾಲಿಗೆ ತಮಾಷೆಯೂ ಅಲ್ಲ, ಭೂತವೂ ಅಲ್ಲ. ಅದು ಒಡೆಯನೆಡೆಗೆ ಮರಳುವ ಬಾಗಿಲು. ಸತ್ತವರು ಪ್ರೇತಗಳಾಗಿ ಅಲೆಯುವುದಿಲ್ಲ. ಲಾಭ ನಷ್ಟಗಳು ಅಲ್ಲಾಹನ ಕೈಯಲ್ಲಿವೆಯೇ ಹೊರತು ಯಾವ ಮಾಟಗಾತಿಯ ಕೈಯಲ್ಲೂ ಇಲ್ಲ. ಇದನ್ನೆಲ್ಲ ಮಗುವಿಗೆ ಕಲಿಸಬೇಕಾದ ಕೈಯೇ ಅದಕ್ಕೆ ಪ್ರೇತದ ಮುಖವಾಡ ತೊಡಿಸಿದರೆ ಮಗು ಯಾವುದನ್ನು ನಂಬೀತು?

ಇದಕ್ಕಿಂತಲೂ ಆಳವಾದ ಅಪಾಯವಿರುವುದು 'ಎಲ್ಲರೂ ಮಾಡುತ್ತಾರೆ' ಎಂಬ ಕಾರಣದಲ್ಲಿ. ಆರನೇ ವಯಸ್ಸಿನಲ್ಲಿ ಮಿಠಾಯಿಯ ಚೀಲಕ್ಕೆ ಈ ಕಾರಣ ಸಾಕೆಂದು ನೀವು ಕಲಿಸಿದಿರಿ. ಹದಿನಾರನೇ ವಯಸ್ಸಿನಲ್ಲಿ ಗೆಳೆಯನೊಬ್ಬ ಮದ್ಯದ ಲೋಟ ಮುಂದೆ ಚಾಚಿದಾಗ ಅದೇ ಮಗುವಿಗೆ ಅದೇ ಕಾರಣ ನೆನಪಾಗುತ್ತದೆ. ಅಂದು 'ಎಲ್ಲರೂ ಮಾಡಿದರೆ ನೀನೂ ಮಾಡಬೇಕೇ?' ಎಂದು ಕೇಳುವ ನೈತಿಕ ಹಕ್ಕು ನಿಮಗೆ ಉಳಿದಿರುತ್ತದೆಯೇ?

ಎರಡನೆಯ ಸುಲಭದ ದಾರಿ ಇದರ ವಿರುದ್ಧ ದಿಕ್ಕಿನದು. ದೀಪಗಳನ್ನೆಲ್ಲ ಆರಿಸಿ, ಪರದೆ ಎಳೆದು, ಕತ್ತಲಲ್ಲಿ ಮಕ್ಕಳ ಬಾಯಿ ಮುಚ್ಚಿಸಿ ಕೂರುವುದು. ಹೊರಗೆ ನೆರೆಮನೆಯ ಮಕ್ಕಳ ನಗು ಕೇಳಿಸುತ್ತದೆ, ಒಳಗೆ 'ಸದ್ದು ಮಾಡಬೇಡ' ಎಂಬ ಪಿಸುಮಾತು. ಹೊರಬಾಗಿಲ ದೀಪ ಆರಿಸುವುದರಲ್ಲಿ ತಪ್ಪಿಲ್ಲ. 'ಈ ಮನೆಯಲ್ಲಿ ಮಿಠಾಯಿ ಹಂಚುವುದಿಲ್ಲ' ಎಂಬುದಕ್ಕೆ ಅದು ಅಲ್ಲಿ ಎಲ್ಲರೂ ಅರಿತಿರುವ ಸಂಕೇತ, ಅದರಲ್ಲಿ ಮೋಸವಿಲ್ಲ. ಆದರೆ ಅಪರಾಧಿಗಳಂತೆ ಅಡಗಿ ಕುಳಿತರೆ ನಮ್ಮ ಧರ್ಮವೆಂದರೆ ಬಚ್ಚಿಟ್ಟುಕೊಳ್ಳಬೇಕಾದ ಸಂಗತಿ ಎಂದು ಮಗು ಕಲಿಯುತ್ತದೆ.

ಓದುಗರೇ, ಗಮನಿಸಿ ನೋಡಿ. ಈ ಎರಡು ದಾರಿಗಳೂ ಬೇರೆಯೆಂದು ತೋರಿದರೂ ಹೊರಡುವುದು ಒಂದೇ ಕಡೆಯಿಂದ. ಜನರು ಏನೆನ್ನುವರೋ ಎಂಬ ಭಯದಿಂದ ಒಬ್ಬನು ವೇಷ ತೊಡಿಸುತ್ತಾನೆ. ಅದೇ ಭಯದಿಂದ ಇನ್ನೊಬ್ಬನು ಅಡಗುತ್ತಾನೆ. ಅಲ್ಲಾಹನನ್ನು ಮಾತ್ರ ಭಯಪಡುವವನ ದಾರಿ ಇವೆರಡೂ ಅಲ್ಲ.

ನೆರೆಯವನ ಹಕ್ಕು

ಅನ್ನಿಸಾ ಅಧ್ಯಾಯದ 36ನೇ ಸೂಕ್ತದಲ್ಲಿ ಅಲ್ಲಾಹನ ಆರಾಧನೆಯ ಆದೇಶ ಬಂದಿರುವಲ್ಲಿಯೇ ಸಂಬಂಧಿಕನಾದ ನೆರೆಯವನಿಗೂ ಸಂಬಂಧಿಕನಲ್ಲದ ನೆರೆಯವನಿಗೂ ಒಳಿತು ಮಾಡಬೇಕೆಂಬ ಆದೇಶವೂ ಬಂದಿದೆ. ಜಿಬ್ರೀಲರು(ಅ) ನೆರೆಯವರ ಬಗ್ಗೆ ಎಷ್ಟು ಒತ್ತಿ ಹೇಳುತ್ತಿದ್ದರೆಂದರೆ, ನೆರೆಯವನಿಗೆ ಆಸ್ತಿಯಲ್ಲೂ ಪಾಲು ಸಿಗಬಹುದೋ ಏನೋ ಎಂದು ಪ್ರವಾದಿವರ್ಯರಿಗೆ(ಸ) ಅನಿಸಿತ್ತು. ಇಲ್ಲಿ ನೆರೆಯವನೆಂದರೆ ಮುಸ್ಲಿಮ್ ನೆರೆಯವನು ಮಾತ್ರವಲ್ಲ. ಹಝ್ರತ್ ಅಬ್ದುಲ್ಲಾ ಬಿನ್ ಅಮ್ರ್(ರ)ರವರ ಮನೆಯಲ್ಲಿ ಆಡು ಕಡಿದಾಗ, ನಮ್ಮ ಯಹೂದಿ ನೆರೆಯವರಿಗೆ ಕೊಟ್ಟಿರಾ ಎಂದು ಅವರು ಮನೆಯವರೊಡನೆ ವಿಚಾರಿಸಿದ್ದರು.

ನಮ್ಮ ಊರಿನ ಹಿರಿಯರು ಈ ನಡತೆಯನ್ನು ಬಾಳಿ ತೋರಿಸಿದವರು. ಸಂಕ್ರಾಂತಿಯಂದು ನೆರೆಮನೆಯ ಹುಡುಗಿ ಎಳ್ಳುಬೆಲ್ಲ ತಂದಾಗ ಪ್ರೀತಿಯಿಂದ ಮಾತಾಡಿಸಿದರು. ಈದ್‌ನ ದಿನ ಆ ಮನೆಗೆ ಶೀರ್ ಖುರ್ಮಾ ಕಳುಹಿಸಿದರು. ಅವರ ಪೂಜೆಗೆ ಕುಳಿತುಕೊಳ್ಳಲಿಲ್ಲ, ಅವರಿಗೆ ಬಾಗಿಲು ಮುಚ್ಚಲೂ ಇಲ್ಲ. ನೆರೆಯವನ ಆರಾಧನೆ ಬೇರೆ, ನೆರೆಯವನು ಬೇರೆ ಎಂಬ ವಿವೇಕ ಅವರಿಗಿತ್ತು. ಅಮೆರಿಕದ ಬೀದಿಯಲ್ಲೂ ಬೇಕಾದುದು ಇದೇ ವಿವೇಕ.

ಸಿದ್ಧತೆ ಯಾವುದು?

ಹಾಗಾದರೆ ಹೊಸ ಬಡಾವಣೆಯಲ್ಲಿ ವಿಶ್ವಾಸಿಯ ಸಿದ್ಧತೆ ಹೇಗಿರಬೇಕು?

ಒಂದನೆಯದಾಗಿ, ನೆರೆಯವರ ಪರಿಚಯವು ಅಕ್ಟೋಬರ್ 31ಕ್ಕೆ ಕಾಯಬಾರದು. ಹೊಸ ಮನೆಗೆ ಬಂದ ವಾರದಲ್ಲೇ ಅಕ್ಕಪಕ್ಕದ ಮನೆಗಳಿಗೆ ಮಕ್ಕಳನ್ನು ಕರೆದುಕೊಂಡು ಹೋಗಿ, ಏನಾದರೂ ತಿನಿಸು ಕೊಟ್ಟು ಬನ್ನಿರಿ. ಇಬ್ಬರು ನೆರೆಯವರಲ್ಲಿ ಯಾರಿಗೆ ಉಡುಗೊರೆ ಕೊಡಲಿ ಎಂದು ಹಝ್ರತ್ ಆಯಿಶಾ(ರ) ಕೇಳಿದಾಗ, ಯಾರ ಬಾಗಿಲು ಹತ್ತಿರವೋ ಅವರಿಗೆ ಎಂದು ಪ್ರವಾದಿ(ಸ) ಉತ್ತರಿಸಿದ್ದರು. ಹೀಗೆ ಪರಿಚಯವಾದವರೊಡನೆ, "ನಮ್ಮ ಮಕ್ಕಳು ಹಾಲೋವೀನ್‌ಗೆ ಬರುವುದಿಲ್ಲ, ನಮ್ಮ ಹಬ್ಬಗಳು ಬೇರೆ, ಈದ್‌ಗೆ ನೀವು ಬರಲೇಬೇಕು" ಎಂದು ನಗುಮುಖದಿಂದ ಹೇಳಿದರೆ ಯಾರೂ ನೊಂದುಕೊಳ್ಳುವುದಿಲ್ಲ. ಅಪರಿಚಿತನ ಮುಚ್ಚಿದ ಬಾಗಿಲು ಸಂಶಯ ಹುಟ್ಟಿಸುತ್ತದೆ. ಪರಿಚಿತನ ಮುಚ್ಚಿದ ಬಾಗಿಲನ್ನು ಜನರು ಅರ್ಥ ಮಾಡಿಕೊಳ್ಳುತ್ತಾರೆ.

ಎರಡನೆಯದಾಗಿ, ಮಗುವಿಗೆ 'ಬೇಡ' ಎಂದಷ್ಟೇ ಹೇಳಬೇಡಿ, ಕಾರಣ ಹೇಳಿರಿ. ಅದರ ವಯಸ್ಸಿಗೆ ತಕ್ಕಂತೆ ಹಾಲೋವೀನ್‌ನ ಚರಿತ್ರೆಯನ್ನೂ ಮರಣದ ಕುರಿತು ನಮ್ಮ ವಿಶ್ವಾಸವನ್ನೂ ವಿವರಿಸಿರಿ. ಹಲವು ಶಾಲೆಗಳಲ್ಲಿ ಅಂದು ವೇಷಗಳ ಮೆರವಣಿಗೆ ಇರುವುದರಿಂದ ಶಿಕ್ಷಕಿಯೊಡನೆ ಮೊದಲೇ ಮಾತಾಡಿರಿ. ಮಗುವಿಗೆ ನಿರಾಶೆಯಾಗುವುದು ಸಹಜ, ಅದನ್ನು ಗದರಬೇಡಿ. ನಿಮ್ಮ ಮನೆಯ ಈದ್, ತಡವಾಗಿ ಎದ್ದು ನಮಾಝ್ ಮುಗಿಸಿ ಮತ್ತೆ ಮಲಗುವ ದಿನವಾಗಿದ್ದರೆ ಮಗು ಹಾಲೋವೀನ್ ಕೇಳದೆ ಇನ್ನೇನು ಕೇಳೀತು? ಈದ್‌ನಲ್ಲಿ ಹೊಸ ಬಟ್ಟೆ, ಉಡುಗೊರೆ, ಗೆಳೆಯರು, ಓಡಾಟ ಎಲ್ಲವೂ ಇರಲಿ. ಒಂದು ಸಂತೋಷವನ್ನು ನಿರಾಕರಿಸುವವನು ಇನ್ನೊಂದನ್ನು ಕೊಡಲು ಬಾಧ್ಯನು.

ಮೂರನೆಯದಾಗಿ, ಸುಳ್ಳು ಭಯವನ್ನು ಸಾಧನವಾಗಿ ಬಳಸಬೇಡಿ. ಅಂದು ಅಪರಿಚಿತರು ಮಿಠಾಯಿಯಲ್ಲಿ ವಿಷ ಬೆರೆಸುತ್ತಾರೆಂಬ ಸುದ್ದಿ ಅಮೆರಿಕದಲ್ಲಿ ಬಹಳ ಹಳೆಯದು. ಸಮಾಜಶಾಸ್ತ್ರಜ್ಞ ಜೋಯಲ್ ಬೆಸ್ಟ್ 1958ರಿಂದೀಚಿನ ವರದಿಗಳನ್ನು ಶೋಧಿಸಿದರು. ಅಪರಿಚಿತರು ಹೀಗೆ ಹಂಚಿದ ಮಿಠಾಯಿಯಿಂದ ಮಗುವೊಂದು ಸತ್ತ ದೃಢಪಟ್ಟ ಪ್ರಕರಣ ಅವರಿಗೆ ಸಿಗಲಿಲ್ಲ. 1974ರಲ್ಲಿ ಟೆಕ್ಸಾಸ್‌ನಲ್ಲಿ ಬಾಲಕನೊಬ್ಬ ವಿಷದ ಮಿಠಾಯಿಯಿಂದ ಸತ್ತದ್ದು ನಿಜ. ಆದರೆ ವಿಷವಿಟ್ಟವನು ವಿಮೆಯ ಹಣಕ್ಕೆ ಆಸೆಪಟ್ಟ ಸ್ವಂತ ತಂದೆ! ಗುಮಾನಿಗಳಿಂದ ದೂರವಿರಬೇಕೆಂದು ಕುರ್‌ಆನ್ ಕಲಿಸಿರುವಾಗ, ನೆರೆಯವರೆಲ್ಲ ವಿಷವಿಡುವವರೆಂದು ಮಗುವಿನ ಮನಸ್ಸಿನಲ್ಲಿ ಬಿತ್ತುವುದು ಧರ್ಮನಿಷ್ಠೆಯಲ್ಲ. ಶಾಲೆಯಲ್ಲಿ ಸಿಕ್ಕ ಮಿಠಾಯಿಯನ್ನು ನೋಡಿ ಕೊಡಬೇಕಾದುದು ಬೇರೆ ಕಾರಣಕ್ಕೆ. ಅಲ್ಲಿನ ರಬ್ಬರಿನಂತಹ ಮಿಠಾಯಿಗಳಲ್ಲಿ ಅನೇಕ ಸಲ ಹಂದಿಯ ಜೆಲಾಟಿನ್ ಇರುತ್ತದೆ.

ನಾಲ್ಕನೆಯದಾಗಿ, ಆ ಸಂಜೆ ರಸ್ತೆಯಲ್ಲಿರುವ ಮಕ್ಕಳು ಯಾರದ್ದಾದರೂ ಸರಿ, ಅವರ ಸುರಕ್ಷೆಯಲ್ಲಿ ನಿಮಗೂ ಹೊಣೆಯಿದೆ. ಅಮೆರಿಕದ 1975ರಿಂದ 2016ರ ವರೆಗಿನ ಅಪಘಾತಗಳನ್ನು ಪರಿಶೀಲಿಸಿ 2019ರಲ್ಲಿ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಹಾಲೋವೀನ್ ಸಂಜೆ ಪಾದಚಾರಿಗಳು ವಾಹನಕ್ಕೆ ಸಿಲುಕಿ ಸಾಯುವ ಅಪಾಯ ಇತರ ಸಂಜೆಗಳಿಗಿಂತ ಶೇ. 43ರಷ್ಟು ಹೆಚ್ಚು. ದಾರಿಯಿಂದ ತೊಂದರೆ ನಿವಾರಿಸುವುದು ಈಮಾನಿನ ಒಂದು ಶಾಖೆಯೆಂದು ಕಲಿತವರು ಅಂದು ಕಾರನ್ನು ನಿಧಾನವಾಗಿ ಓಡಿಸುವುದನ್ನು ಇಬಾದತ್ ಎಂದೇ ತಿಳಿಯಬೇಕು. ನ್ಯೂಜೆರ್ಸಿಯಂತಹ ಕಡೆ ಆ ದಿನ ಸೂರ್ಯಾಸ್ತವಾಗುವುದು ಸುಮಾರು 5.50ಕ್ಕೆ. ಬೀದಿಯಲ್ಲಿ ಸಂಭ್ರಮ ಏರುವ ಹೊತ್ತೂ ಮಗ್ರಿಬ್‌ನ ಹೊತ್ತೂ ಒಂದೇ. ಮನೆಯಲ್ಲಿ ಮಕ್ಕಳನ್ನು ಜೊತೆ ನಿಲ್ಲಿಸಿ ಜಮಾಅತ್ ಮಾಡಿರಿ, ಅಥವಾ ಮಸೀದಿಗೆ ಕರೆದೊಯ್ಯಿರಿ.

ಆದರೂ ಬಾಗಿಲು ತಟ್ಟಿದರೆ?

ಇಲ್ಲಿ ವಿದ್ವಾಂಸರ ಅಭಿಪ್ರಾಯ ಒಂದೇ ಅಲ್ಲ. ಅಂದು ಮಿಠಾಯಿ ಹಂಚುವುದೂ ಆಚರಣೆಗೆ ನೆರವಾದಂತೆ ಎಂದು ಹೇಳುವವರಿದ್ದಾರೆ. ಮನೆಬಾಗಿಲಿಗೆ ಬಂದ ನೆರೆಮನೆಯ ಮಗುವಿಗೆ ಕೊಡುವುದು ಔದಾರ್ಯವೇ ಹೊರತು ಹಬ್ಬದ ಆಚರಣೆಯಲ್ಲ ಎನ್ನುವವರೂ ಇದ್ದಾರೆ. ನೀವು ನಂಬುವ ವಿದ್ವಾಂಸರೊಡನೆ ವಿಚಾರಿಸಿ, ಮನಸ್ಸಾಕ್ಷಿಗೆ ಸರಿಯೆನಿಸಿದಂತೆ ನಡೆಯಿರಿ. ಆದರೆ ಕೊಡುವವನು ಕೊಡದವನನ್ನು ಮತಾಂಧನೆಂದೂ, ಕೊಡದವನು ಕೊಡುವವನನ್ನು ದುರ್ಬಲ ವಿಶ್ವಾಸಿಯೆಂದೂ ಜರೆಯದಿರಲಿ.

ಒಂದು ವಿಷಯದಲ್ಲಿ ಮಾತ್ರ ಎರಡು ಮಾತಿಲ್ಲ. ಬಾಗಿಲು ತೆರೆದ ಮೇಲೆ ಎದುರಿಗಿರುವುದು ಪ್ರೇತವಲ್ಲ, ಮುಖವಾಡದೊಳಗಿನ ಒಂದು ಮಗು. ಅದರ ಕೈಗೆ ಮಿಠಾಯಿ ಕೊಡಿರಿ ಅಥವಾ ಕೊಡದಿರಿ, ಮುಖ ಗಂಟಿಕ್ಕಬೇಡಿ, ಗದರಿಸಿ ಕಳುಹಿಸಬೇಡಿ. ಆ ಬೀದಿಯ ಎಷ್ಟೋ ಮನೆಗಳಿಗೆ ಮುಸ್ಲಿಮನೆಂದರೆ ಟಿ.ವಿ.ಯಲ್ಲಿ ಕಂಡ ಮುಖ ಮಾತ್ರ. ಆ ಮಗು ಮನೆಗೆ ಮರಳಿ ಹೇಳುವ ಒಂದು ವಾಕ್ಯವು ನಿಮ್ಮ ಬಗ್ಗೆ ಮಾತ್ರವಲ್ಲ, ನಿಮ್ಮ ಧರ್ಮದ ಬಗ್ಗೆಯೂ ಸಾಕ್ಷಿ ನುಡಿಯುತ್ತದೆ. ನಿಮ್ಮ ಬೆನ್ನ ಹಿಂದೆ ನಿಂತ ನಿಮ್ಮ ಮಗುವೂ ಅದನ್ನೇ ನೋಡುತ್ತಿದೆ. ತನ್ನ ತಂದೆ ತಾಯಿಗೆ ತಮ್ಮ ವಿಶ್ವಾಸದಲ್ಲಿ ನಾಚಿಕೆಯಿಲ್ಲ, ನೆರೆಯವರ ಮೇಲೆ ದ್ವೇಷವಿಲ್ಲ ಎಂಬುದನ್ನು ಅದು ಕಂಡುಕೊಂಡರೆ ಮಿಠಾಯಿಯ ಚೀಲಕ್ಕಿಂತ ಬೆಲೆಬಾಳುವುದೊಂದು ಅದಕ್ಕೆ ದೊರೆತಂತೆ.

ವಿಶ್ವಾಸದಲ್ಲಿ ದೃಢತೆಯನ್ನೂ ನೆರೆಯವರೊಡನೆ ಸೌಜನ್ಯವನ್ನೂ ಜೊತೆಜೊತೆಯಾಗಿ ಬಾಳುವ ಸೌಭಾಗ್ಯವನ್ನು ಅಲ್ಲಾಹನು ನಮಗೂ ನಮ್ಮ ಮಕ್ಕಳಿಗೂ ಅನುಗ್ರಹಿಸಲಿ. ಆಮೀನ್.