ಪಾಟೀಸವಾಲಿಲ್ಲದ ಸಾಕ್ಷಿ

ಫೆಬ್ರವರಿ ಕಳೆದು ಸುಗ್ಗಿ ತಿಂಗಳು ಹತ್ತಿರ ಬಂತೆಂದರೆ ನಮ್ಮ ಜಿಲ್ಲೆಯ ಆಕಾಶ ಮಾಸುತ್ತದೆ. ಮಣಿಪಾಲದ ಗುಡ್ಡದ ಮೇಲೆ ನಿಂತರೆ ಪಶ್ಚಿಮಕ್ಕೆ ಕಡಲು ಕಾಣಬೇಕು, ಪೂರ್ವಕ್ಕೆ ಘಟ್ಟ ಕಾಣಬೇಕು. ಕೆಲವು ಬೆಳಿಗ್ಗೆ ಎರಡೂ ಕಾಣುವುದಿಲ್ಲ. ನಡುವೆ ಬೂದಿಬಣ್ಣದ ಮಬ್ಬು. ಅದರಲ್ಲಿ ಒಂದಿಷ್ಟು ಮಂಜು, ಒಂದಿಷ್ಟು ಹೆದ್ದಾರಿಯ ಧೂಳು, ಲಾರಿಗಳ ಹೊಗೆ, ಪದವುಗಳ ಮುಳಿಹುಲ್ಲು ಸುಟ್ಟ ಹೊಗೆ, ತೋಟಗಳಲ್ಲಿ ಸುಡುಮಣ್ಣಿಗೆ ಹಾಕಿದ ತರಗೆಲೆಯ ಹೊಗೆ, ಘಟ್ಟದ ಕಾಡು ಎಲ್ಲಾದರೂ ಹತ್ತಿಕೊಂಡಿದ್ದರೆ ಅದರ ಹೊಗೆ. ರಾತ್ರಿಯ ನೆಲಗಾಳಿ ಇದನ್ನೆಲ್ಲ ಕಡಲಿಗೆ ತಳ್ಳುತ್ತದೆ. ಮಧ್ಯಾಹ್ನದ ಕಡಲಗಾಳಿ ತಿರುಗಿ ನಮ್ಮ ಮೇಲೆಯೇ ತಂದು ಹಾಕುತ್ತದೆ.

ಹೊಗೆಗೆ ಜಾತಿಯಿಲ್ಲ ಎಂದು ಯಾರಾದರೂ ಹೇಳಬಹುದು. ಇರಲಿ. ಆದರೆ 'ಬೆಂಕಿ ಕೊಟ್ಟವರು ಯಾರು' ಎಂಬ ಪ್ರಶ್ನೆಗೆ ಸಿಗುವ ಉತ್ತರಕ್ಕೆ ಜಾತಿಯಿದೆ. ಅದನ್ನು ನಾವು ಕಂಡಿದ್ದೇವೆ.

ಕಾರ್ಕಳದ ಆಚೆ, ಘಟ್ಟದ ಬುಡದ ಒಂದು ಕೇರಿಯಲ್ಲಿ ಕಂಡದ್ದು ಇದು. ಗುಡ್ಡದಲ್ಲಿ ಬೆಂಕಿ ಬಿದ್ದ ಮಾರನೆಯ ದಿನ ಇಬ್ಬರು ಬಂದರು. ಕೈಯಲ್ಲಿ ಮೊಬೈಲು, ಅದರಲ್ಲಿ ನಕ್ಷೆ, ನಕ್ಷೆಯ ಮೇಲೆ ಒಂದು ಕೆಂಪು ಬೊಟ್ಟು. ಬೊಟ್ಟಿಗೆ ಹತ್ತಿರದ ಮನೆ ಯಾವುದೆಂದು ನೋಡಿ ಅಲ್ಲಿಗೆ ಬಂದಿದ್ದರು. ಆ ಮನೆಯಲ್ಲಿದ್ದದ್ದು ಒಬ್ಬ ಮುದುಕಿ.

"ಅಜ್ಜಿ, ಸ್ಯಾಟಲೈಟ್ ಸುಳ್ಳು ಹೇಳುದಿಲ್ಲ" ಎಂದರು ಬಂದವರು.

ಅಜ್ಜಿ ಬೊಟ್ಟನ್ನು ಸ್ವಲ್ಪ ಹೊತ್ತು ನೋಡಿದಳು. "ಅದು ಮೇಲಿಂದ ನೋಡಿದ್ದು ಹೌದಾದ್ರೆ ಬೆಂಕಿ ಕೊಟ್ಟವನ ಮುಖವೂ ಕಂಡಿರ್ಬೇಕಲ್ಲ ಸರ್? ನಾನು ಅಲ್ಲಿ ಇದ್ದೆನಾ ಅಂತ ಅದರ ಹತ್ರವೇ ಒಮ್ಮೆ ಕೇಳಿ."

ಬಂದವರು ನಕ್ಕರು. ಅಲ್ಲಿದ್ದ ನಮಗೂ ಆಗ ನಗು ಬಂದಿತ್ತು. ಆಮೇಲೆ ಯೋಚಿಸಿದಾಗ ನಗಬಾರದಿತ್ತು ಅನ್ನಿಸಿತು. ಅಜ್ಜಿ ಕೇಳಿದ್ದು ನ್ಯಾಯದ ಮೂಲ ಪ್ರಶ್ನೆ.

ಮೊದಲು ಆ ಕಣ್ಣು ಹೇಗೆ ನೋಡುತ್ತದೆ ಎಂಬುದನ್ನು ತಿಳಿದುಕೊಳ್ಳೋಣ. ತಿಳಿಯದೆ ಬೈಯುವುದು ನಮ್ಮ ಪದ್ಧತಿಯಲ್ಲ. ಡೆಹರಾಡೂನಿನಲ್ಲಿರುವ ಭಾರತೀಯ ಅರಣ್ಯ ಸರ್ವೇಕ್ಷಣೆ ಎಂಬ ಸಂಸ್ಥೆ 2004ರಿಂದ ಉಪಗ್ರಹದ ಮಾಹಿತಿ ಹಿಡಿದು ಕಾಡ್ಗಿಚ್ಚಿನ ಎಚ್ಚರಿಕೆ ಕಳಿಸುತ್ತಿದೆ. ಮೊದಲಿಗೆ ಅಮೆರಿಕದ ಟೆರಾ, ಅಕ್ವಾ ಉಪಗ್ರಹಗಳಲ್ಲಿದ್ದ ಮೋಡಿಸ್ ಎಂಬ ಉಪಕರಣ. ಆಮೇಲೆ ವಿಯರ್ಸ್ ಎಂಬ ಇನ್ನೊಂದು ಸೇರಿತು. ಇವು ಬೆಂಕಿಯ ಚಿತ್ರ ತೆಗೆಯುವುದಿಲ್ಲ. ನೆಲದಿಂದ ಏಳುವ ಶಾಖದ ಕಿರಣವನ್ನು ಅಳೆಯುತ್ತವೆ. ಒಂದು ಚೌಕ ತನ್ನ ಸುತ್ತಲಿನ ಚೌಕಗಳಿಗಿಂತ ತೀರಾ ಬಿಸಿಯಿದ್ದರೆ ಅಲ್ಲಿ ಬೆಂಕಿ ಎಂದು ಬೊಟ್ಟು ಇಡುತ್ತವೆ. ಅರಣ್ಯ ಸರ್ವೇಕ್ಷಣೆಯವರು ಆ ಬೊಟ್ಟುಗಳಲ್ಲಿ ಕಾಡಿನೊಳಗೆ ಬಿದ್ದವನ್ನು ಆರಿಸಿ ಸಂಬಂಧಪಟ್ಟವರ ಮೊಬೈಲಿಗೆ ಕಳಿಸುತ್ತಾರೆ.

ಮೋಡಿಸಿನ ಚೌಕ ಒಂದು ಕಿಲೋಮೀಟರ್ ಅಗಲ, ಅಷ್ಟೇ ಉದ್ದ: ಸುಮಾರು 247 ಎಕರೆ. ವಿಯರ್ಸಿನ ಚೌಕ 375 ಮೀಟರಿನದು: ಸುಮಾರು 35 ಎಕರೆ. ಬೊಟ್ಟು ಬೀಳುವುದು ಚೌಕದ ನಟ್ಟನಡುವೆ. ಬೆಂಕಿ ಅದರ ಯಾವ ಮೂಲೆಯಲ್ಲಾದರೂ ಇರಬಹುದು. ವಿಯರ್ಸ್ ನಮ್ಮ ತಲೆಯ ಮೇಲೆ ಹಾದುಹೋಗುವುದು ಮಧ್ಯಾಹ್ನ ಒಂದೂವರೆಯ ಆಸುಪಾಸು, ಮತ್ತೆ ರಾತ್ರಿ ಒಂದೂವರೆಯ ಆಸುಪಾಸು. ಸಂಜೆ ಹೊತ್ತಿ ರಾತ್ರಿ ಊಟದ ಹೊತ್ತಿಗೆ ಆರಿದ ಬೆಂಕಿ ಅದಕ್ಕೆ ಗೊತ್ತೇ ಆಗುವುದಿಲ್ಲ. ಮೋಡ ಅಡ್ಡ ಬಂದರೆ ಕಾಣುವುದಿಲ್ಲ. ದಟ್ಟ ಮರಗಳ ಕೆಳಗೆ ತರಗೆಲೆಯಲ್ಲಿ ಹರಿಯುವ ಬೆಂಕಿಯೂ ಕೆಲವೊಮ್ಮೆ ತಪ್ಪಿಹೋಗುತ್ತದೆ.

ನಮ್ಮ ನಾಡಿನಲ್ಲಿ 35 ಎಕರೆ ಎಂದರೆ ಏನು? ಅದರೊಳಗೆ ಒಬ್ಬ ದೊಡ್ಡ ಕುಳದ ರಬ್ಬರ್ ತೋಟ ಇರುತ್ತದೆ. ಒಂದು ರಸ್ತೆ, ರಸ್ತೆಯಲ್ಲಿ ಹೋಗುವವ ಎಸೆದ ಬೀಡಿ ಇರುತ್ತದೆ. ಡಿ.ಸಿ. ಮನ್ನಾ ಎಂದು ಕಡತದಲ್ಲಿ ದಲಿತರ ಹೆಸರಿಗಿದ್ದು, ನೆಲದಲ್ಲಿ ಇನ್ನೊಬ್ಬರ ಬೇಲಿಯೊಳಗಿರುವ ಜಾಗ ಇರುತ್ತದೆ. ಮೂಲೆಯಲ್ಲಿ ಐದೈದು ಸೆಂಟ್ಸಿನ ನಾಲ್ಕು ಮನೆಗಳಿರುತ್ತವೆ. ಬೊಟ್ಟು ಇವೆಲ್ಲದರ ಮೇಲೂ ಒಂದೇ ಸಮ ಬೀಳುತ್ತದೆ. ಆದರೆ ಬೊಟ್ಟು ಹಿಡಿದು ಬರುವ ಕಾಲುಗಳು ರಬ್ಬರ್ ತೋಟದ ಗೇಟಿಗೆ ಹೋಗುವುದಿಲ್ಲ. ಗೇಟು ಇಲ್ಲದ ಮನೆಗೆ ಬರುತ್ತವೆ. ತಪ್ಪು ಉಪಗ್ರಹದ್ದಲ್ಲ. ಅದು ಹೇಳಿದ್ದು 'ಇಲ್ಲಿ ಬಿಸಿಯಿದೆ' ಎಂದು ಮಾತ್ರ. 'ಇವಳೇ' ಎಂದು ಹೇಳಿದ್ದು ಮನುಷ್ಯ. ಹೇಳಿದ್ದು ತಾನು, ಹೆಸರು ಹಾಕಿದ್ದು ಯಂತ್ರದ್ದು.

ಉಡುಪಿಯ ಮಠಗಳಲ್ಲಿ 'ಸಾಕ್ಷಿ'ಯ ಬಗ್ಗೆ ಶತಮಾನಗಳಿಂದ ವಾದ ನಡೆದಿದೆ. ಮಧ್ವರ ಮತದಲ್ಲಿ ಸಾಕ್ಷಿಯೆಂದರೆ ಜೀವದೊಳಗೇ ಇರುವ ಅರಿವು. ಕಂಡದ್ದು ನಿಜವೋ ಅಲ್ಲವೋ ಎಂದು ಕೊನೆಗೆ ನಿಶ್ಚಯಿಸುವುದು ಅದೇ. ಆ ಪಾಠ ನಮ್ಮ ಹಿರಿಯರ ಕಿವಿಗೆ ಬೀಳಲಿಲ್ಲ. ನಮ್ಮ ಜನ ಸಾಕ್ಷಿಯನ್ನು ಕಂಡದ್ದು ಕೋರ್ಟಿನಲ್ಲಿ. ಅಲ್ಲಿ ಸಾಕ್ಷಿಯೆಂದರೆ ಕಟಕಟೆಯಲ್ಲಿ ಬಂದು ನಿಲ್ಲುವವ. ಎಲ್ಲಿಂದ ನೋಡಿದೆ, ಎಷ್ಟು ಹೊತ್ತಿಗೆ, ಬೆಳಕಿತ್ತೋ, ನಡುವೆ ಮರವಿತ್ತೋ, ನಿನಗೂ ಇವನಿಗೂ ಮೊದಲೇ ಜಗಳವಿತ್ತೋ ಎಂದು ವಕೀಲ ಕೇಳುವ ಪಾಟೀಸವಾಲಿಗೆ ಉತ್ತರ ಕೊಡುವವ. ಪಾಟೀಸವಾಲು ಮುಗಿಯುವ ತನಕ ಅವನ ಮಾತು ಬರೀ ಮಾತು. ಬಡವನ ಪಾಲಿಗೆ ನ್ಯಾಯ ಎಂಬುದು ಎಲ್ಲಾದರೂ ಸ್ವಲ್ಪ ಉಳಿದಿದ್ದರೆ ಈ ಪಾಟೀಸವಾಲಿನಲ್ಲಿ ಉಳಿದಿದೆ. ಅಜ್ಜಿ ಕೇಳಿದ್ದು ಅದನ್ನೇ.

ಆಕಾಶದ ಕಣ್ಣಿಗೆ ಪಾಟೀಸವಾಲು ಹಾಕಿದರೆ ಇನ್ನೊಂದು ಸಂಗತಿಯೂ ಬಯಲಾಗುತ್ತದೆ. ಅದು ಯಾವ ಬೆಂಕಿಯನ್ನು ನೋಡುವುದಿಲ್ಲ? ಉಪಗ್ರಹ ಕಾಣುವುದು ಬಯಲ ಬೆಂಕಿಯನ್ನು. ಗೋಡೆಯೊಳಗಿನ ಬೆಂಕಿ ಅದಕ್ಕೆ ಸಾಮಾನ್ಯವಾಗಿ ಬೆಂಕಿಯೇ ಅಲ್ಲ. ಉಕ್ಕಿನ ಕುಲುಮೆಯಂಥ ಕೆಲವು ಶಾಖಗಳು ಕಂಡರೂ ಅವನ್ನು 'ಸ್ಥಿರ ಮೂಲ' ಎಂದು ಬೇರೆ ಗುರುತು ಹಾಕಿ ಪಕ್ಕಕ್ಕಿಡುತ್ತಾರೆ. ಕಾಪು ತಾಲ್ಲೂಕಿನ ಎಲ್ಲೂರಿನಲ್ಲಿ 1200 ಮೆಗಾವಾಟಿನ ಉಷ್ಣ ವಿದ್ಯುತ್ ಸ್ಥಾವರವಿದೆ. ಹಡಗಿನಲ್ಲಿ ಬಂದ ವಿದೇಶೀ ಕಲ್ಲಿದ್ದಲನ್ನು ಸುಡುತ್ತದೆ. ಅದು ಉರಿಯುವುದು ಬಾಯ್ಲರಿನೊಳಗೆ. ಕಾಡ್ಗಿಚ್ಚಿನ ನಕ್ಷೆಯಲ್ಲಿ ಅದಕ್ಕೆ ಬೊಟ್ಟಿಲ್ಲ. ಹಾಗಾದರೆ ಅದನ್ನು ನೋಡುವವರೇ ಇಲ್ಲವೇ? ಇದ್ದಾರೆ. ವಿದ್ಯುತ್ ಸ್ಥಾವರಗಳೂ ಸೇರಿ 17 ವರ್ಗದ ಕಾರ್ಖಾನೆಗಳು ತಮ್ಮ ಚಿಮಣಿಗೆ ತಾವೇ ಅಳತೆಯ ಯಂತ್ರ ಕೂರಿಸಿ ಮಂಡಳಿಗೆ ಲೆಕ್ಕ ಕಳಿಸಬೇಕೆಂದು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2014ರಲ್ಲಿ ಹೇಳಿತು. ಗಮನಿಸಿ: ಉಳ್ಳವನ ಹೊಗೆಗೆ ಉಳ್ಳವನದೇ ಯಂತ್ರ ಸಾಕ್ಷಿ. ಬಡವನ ಹೊಗೆಗೆ ಆಕಾಶವೇ ಸಾಕ್ಷಿ. ಎಲ್ಲೂರಿನ ಸುತ್ತಲಿನ ಜನ ಮನೆಯ ಮೇಲೆ, ಬೆಳೆಯ ಮೇಲೆ ಬೂದಿ ಬೀಳುತ್ತದೆಂದು ವರ್ಷಗಟ್ಟಲೆ ಕೂಗಿದರು. 2022ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಸುಮಾರು 52 ಕೋಟಿ ರೂಪಾಯಿ ಪರಿಹಾರ ಕಟ್ಟುವಂತೆ ಆದೇಶ ಕೊಟ್ಟಿತು. ಅದು ದೊಡ್ಡ ಮಾತೇ. ಆದರೆ ಅಲ್ಲಿ ವಕೀಲರಿದ್ದರು, ತಜ್ಞರ ಸಮಿತಿಯಿತ್ತು, ವಾದಕ್ಕೆ ವರ್ಷಗಳಿದ್ದವು. ನಮ್ಮ ಅಜ್ಜಿಗೆ ಸಿಕ್ಕಿದ್ದು ಅಂಗಳದಲ್ಲಿ ಐದು ನಿಮಿಷ.

ಇದು ಇಂದು ಶುರುವಾದದ್ದಲ್ಲ. ಈ ಘಟ್ಟದ ಬುಡದಲ್ಲಿ ಮಲೆಕುಡಿಯರು, ಕುಡುಬಿಯರು, ಮರಾಟಿಗಳು ಕುಮರಿ ಬೇಸಾಯ ಮಾಡುತ್ತಿದ್ದರು. ಕಾಡಿನ ತುಂಡೊಂದನ್ನು ಕಡಿದು, ಒಣಗಿಸಿ, ಸುಟ್ಟು, ಬೂದಿಯಲ್ಲಿ ರಾಗಿ ಬಿತ್ತಿ, ಆಮೇಲೆ ಆ ನೆಲವನ್ನು ವರ್ಷಗಟ್ಟಲೆ ಬಿಡುತ್ತಿದ್ದರು. 1860ರಲ್ಲಿ ಮದ್ರಾಸ್ ಸರ್ಕಾರ ತನ್ನ ಕಾಡುಗಳಲ್ಲಿ ಅನುಮತಿಯಿಲ್ಲದ ಕುಮರಿಯನ್ನು ನಿಲ್ಲಿಸಿತು. ಕಾಡು ಹಾಳಾಗುತ್ತದೆ ಎಂಬುದು ಕಾರಣ. ಅದೇ ಕಾಲದಲ್ಲಿ ಹಡಗಿಗೆ, ರೈಲಿಗೆ ಮರ ಉರುಳುತ್ತಿತ್ತು. ಬೆಂಕಿ ಅಪರಾಧವಾಯಿತು, ಗರಗಸ ಆದಾಯವಾಯಿತು. ಕಾರ್ಕಳದ ನೆತ್ತಿಯ ಮೇಲಿನ ಕುದುರೆಮುಖವನ್ನು 1987ರಲ್ಲಿ ರಾಷ್ಟ್ರೀಯ ಉದ್ಯಾನವೆಂದು ಸಾರಿದರು. ಒಳಗಿದ್ದ ಕುಟುಂಬಗಳಿಗೆ ಹೊರಗೆ ಹೋಗುವ ಮಾತು ಬಂತು. ಕಬ್ಬಿಣದ ಅದಿರಿನ ಗಣಿ ಮಾತ್ರ 2005ರ ಕೊನೆಯ ತನಕ ನಡೆಯಿತು, ಅದೂ ಸುಪ್ರೀಂ ಕೋರ್ಟು ಹೇಳಿದ ಮೇಲೆ ನಿಂತಿತು.

ಇನ್ನು ಕಾವಲಿನ ಮಾತು. ಕಾಯುವ ಕೆಲಸ ನಮ್ಮ ಜನಕ್ಕೆ ಹೊಸದಲ್ಲ. ಊರಿನ ತೋಟಿ, ತಳವಾರ ಯಾವ ಕೇರಿಯವರು? ಕಂಬಳದ ಹಿಂದಿನ ರಾತ್ರಿ ಗದ್ದೆಯ ಬಳಿ ಇಬ್ಬನಿಯಲ್ಲಿ ಕೂತು ಡೋಲು ಬಾರಿಸುತ್ತಾ ಬೆಳಗು ಮಾಡಬೇಕಾಗಿದ್ದವರು ಕೊರಗರು. ಪನಿಕುಲ್ಲುನೆ ಎಂದು ಅದಕ್ಕೆ ಹೆಸರು. ಕೊರಗರ ಮೇಲಿನ ಅಜಲು ಪದ್ಧತಿಯನ್ನು ನಿಷೇಧಿಸಲು ಸರ್ಕಾರಕ್ಕೆ 2000ನೇ ಇಸವಿ ಬೇಕಾಯಿತು. ಕಾವಲು ನಮ್ಮದು, ಕಡತ ಅವರದು: ಇದು ಹಳೆಯ ಏರ್ಪಾಡು. ಈಗಲೂ ಬೇಸಗೆ ಬಂದರೆ ಕಾಡಂಚಿನ ಹುಡುಗರನ್ನು ದಿನಗೂಲಿಯ ಬೆಂಕಿ ಕಾವಲಿಗೆ ಕರೆಯುತ್ತಾರೆ. ಎಚ್ಚರಿಕೆ ಬರುವುದು ಮೇಲಿನವರ ಮೊಬೈಲಿಗೆ. ಹಸಿಸೊಪ್ಪಿನ ಕೊಂಬೆ ಹಿಡಿದು ಗುಡ್ಡ ಹತ್ತಿ ಬೆಂಕಿ ಬಡಿಯುವವರು ಇವರು. 2017ರ ಫೆಬ್ರವರಿಯಲ್ಲಿ ಬಂಡೀಪುರದಲ್ಲಿ, 2023ರ ಫೆಬ್ರವರಿಯಲ್ಲಿ ಸಕಲೇಶಪುರದ ಕಡೆ, ಬೆಂಕಿ ಆರಿಸಲು ಹೋದ ಅರಣ್ಯ ರಕ್ಷಕರು ಸುಟ್ಟು ಸತ್ತರು. ಅವರು ಇಲಾಖೆಯ ನೌಕರರು, ಸುದ್ದಿಯಾಯಿತು. ದಿನಗೂಲಿಯವನ ಪಾದ ಸುಟ್ಟರೆ ಬರೆದುಕೊಳ್ಳುವ ಪುಸ್ತಕ ಯಾವುದು?

ಹಾಗಾದರೆ ನೋಡುವುದೇ ಬೇಡವೇ, ಉಪಗ್ರಹ ಬೇಡವೇ ಎಂದು ಗೆಳೆಯರು ಕೇಳಬಹುದು. ಹಾಗಲ್ಲ. ನಮ್ಮವರು ಕೊಟ್ಟ ಬೆಂಕಿಯೆಲ್ಲ ಪವಿತ್ರ ಎಂದು ನಾವು ಹೇಳಿದರೆ ಅದು ಇನ್ನೊಂದು ಪುರೋಹಿತಶಾಹಿ. ಬೇಟೆಗೆಂದು, ಹೊಸ ಹುಲ್ಲಿಗೆಂದು, ಬರೀ ಉಡಾಫೆಗೆಂದು ಬೆಂಕಿ ಕೊಟ್ಟವರು ನಮ್ಮಲ್ಲೂ ಇದ್ದಾರೆ. ಆ ಹೊಗೆ ಮೊದಲು ಹೊಕ್ಕುವುದು ಬಾಗಿಲಿಲ್ಲದ ನಮ್ಮದೇ ಗುಡಿಸಲಿಗೆ, ಕೆಮ್ಮುವುದು ನಮ್ಮದೇ ಮಗು. ಬಯಲಲ್ಲಿ ಕಸ ಸುಟ್ಟರೆ 5000 ರೂಪಾಯಿ, ರಾಶಿಗಟ್ಟಲೆ ಸುಟ್ಟರೆ 25000 ರೂಪಾಯಿ ಎಂದು ಹಸಿರು ನ್ಯಾಯಮಂಡಳಿ 2016ರಲ್ಲಿ ಹೇಳಿದ್ದು ಸರಿಯೇ. ಆದರೆ ಗುಡಿಸಿದ ಎಲೆಯನ್ನು ಒಯ್ಯಲು ಗಾಡಿ ಕೊಡದೆ 'ಇಲ್ಲಿ ಕಸ ಕಾಣಬಾರದು' ಎಂದು ಹೇಳಿಹೋಗುವವನಿಗೆ ದಂಡ ಯಾವುದು? ಕಡ್ಡಿ ಗೀರಿದ ಕೈ ಪೌರಕಾರ್ಮಿಕನದು. ಗೀರಿಸಿದ ಮಾತು ಯಾರದು? ಬೊಟ್ಟು ಕೈಯನ್ನು ಕೂಡ ಕಾಣುವುದಿಲ್ಲ, ಇನ್ನು ಮಾತನ್ನು ಕಂಡೀತೇ?

ಪಾಟೀಸವಾಲು ಹಾಕಿದರೆ ಸತ್ಯ ಬದಲಾದದ್ದಕ್ಕೆ ಉದಾಹರಣೆಗಳಿವೆ. ಬಿಳಿಗಿರಿರಂಗನ ಬೆಟ್ಟದಲ್ಲಿ ಸೋಲಿಗರು ಬೇಸಗೆಯ ಆರಂಭದಲ್ಲೇ ಸಣ್ಣದಾಗಿ ತರಗು ಬೆಂಕಿ ಕೊಡುತ್ತಿದ್ದರು. 1974ರಲ್ಲಿ ಅದು ಅಭಯಾರಣ್ಯವಾದ ಮೇಲೆ ಅದನ್ನು ನಿಲ್ಲಿಸಿದರು. ತರಗು ಬೆಂಕಿ ನಿಂತ ಮೇಲೆ ಲಂಟಾನ ಹಬ್ಬಿತು, ಈಗ ಬಿದ್ದ ಬೆಂಕಿ ಮರದ ನೆತ್ತಿಗೇರುತ್ತದೆ ಎಂದು ಸೋಲಿಗರು ಹೇಳುತ್ತಲೇ ಬಂದರು. ಸಂಶೋಧಕರು ಹೋಗಿ ಅವರನ್ನು ಕೇಳಿದಾಗ ಆ ಮಾತು ಪುಸ್ತಕಕ್ಕೆ ಬಂತು. 2011ರಲ್ಲಿ ಅಲ್ಲಿನ ಗ್ರಾಮಸಭೆಗಳಿಗೆ ಅರಣ್ಯ ಹಕ್ಕೂ ಸಿಕ್ಕಿತು. ಕಡಲಾಚೆಯ ಇಂಡೋನೇಷ್ಯಾದಲ್ಲಿ 2015ರಲ್ಲಿ ಸುಮಾರು 26 ಲಕ್ಷ ಹೆಕ್ಟೇರ್ ನೆಲ ಸುಟ್ಟಿತು. ಹೊಗೆಗೆ ಸಿಂಗಾಪುರ, ಮಲೇಷ್ಯಾಗಳು ಶಾಲೆ ಮುಚ್ಚಿದವು. ಕಾಡು ಕಡಿದು ಸುಡುವ ಸಣ್ಣ ರೈತನೇ ಕಳ್ಳ ಎಂದು ಮಾತು ಎದ್ದಿತು. ಬೊಟ್ಟುಗಳ ನಕ್ಷೆಯನ್ನು ಕಂಪನಿಗಳ ಗುತ್ತಿಗೆ ನೆಲದ ನಕ್ಷೆಯ ಮೇಲೆ ಇಟ್ಟು ನೋಡಿದಾಗ ಬಹಳಷ್ಟು ಬೊಟ್ಟು ತಾಳೆಎಣ್ಣೆಯ, ಕಾಗದದ ಮರದ ತೋಟಗಳೊಳಗೆ ಬಿದ್ದಿದ್ದವು. ತೋಟಕ್ಕೆಂದು ಕಾಲುವೆ ತೋಡಿ ಜೌಗುನೆಲದ ನೀರು ಬಸಿದಿದ್ದರು. ಒಣಗಿದ ನೆಲವೇ ಒಳಗಿಂದ ಉರಿಯಿತು. ರೈತನ ಬೆಂಕಿಯೂ ಇತ್ತು, ಇಲ್ಲವೆಂದಲ್ಲ. ಆದರೆ ಬೊಟ್ಟಿನ ಅಡಿಯಲ್ಲಿ ಯಾವ ನಕ್ಷೆ ಹಾಸುತ್ತೇವೆ ಎಂಬುದರ ಮೇಲೆ ಕಳ್ಳ ಯಾರೆಂಬುದು ತೀರ್ಮಾನವಾಯಿತು.

ನಾವು ಕೇಳುವುದು ಇಷ್ಟೇ. ನಮ್ಮ ಬೊಟ್ಟಿನ ಅಡಿಯಲ್ಲೂ ಪಹಣಿಯ ನಕ್ಷೆ ಹಾಸಿ. ಅದು ಯಾರ ತೋಟ, ಯಾರ ಒತ್ತುವರಿ, ಎಲ್ಲಿಂದ ಗಾಳಿ ಎಂಬುದನ್ನು ಕನ್ನಡದಲ್ಲಿ ಬರೆದು ಪಂಚಾಯ್ತಿಯ ಬಾಗಿಲಿಗೆ ಅಂಟಿಸಿ. ಮನೆಗೆ ಬರುವ ಮೊದಲು ಗ್ರಾಮಸಭೆಗೆ ಬನ್ನಿ. ಕಾಡು ಕಾಯುವ ಅಧಿಕಾರವನ್ನು 2006ರ ಅರಣ್ಯ ಹಕ್ಕು ಕಾಯ್ದೆ ಗ್ರಾಮಸಭೆಗೇ ಕೊಟ್ಟಿದೆ. ಚಿಮಣಿಯ ಹೊಗೆ ಅಳೆಯುವ ಯಂತ್ರವನ್ನು ಚಿಮಣಿಯೊಳಗೆ ಮಾತ್ರ ಇಡಬೇಡಿ, ಅದರ ಕೆಳಗಿನ ಶಾಲೆಯಲ್ಲೂ ಇಡಿ, ಓದುವುದನ್ನು ಮಕ್ಕಳಿಗೆ ಕಲಿಸಿ. ಬೆಂಕಿ ಬಡಿಯುವವನಿಗೆ ಬೂಟು, ವಿಮೆ, ವರ್ಷವಿಡೀ ಸಂಬಳ ಕೊಡಿ.

ನಕ್ಷೆ ಎಲ್ಲರಿಗೂ ತೆರೆದಿದೆ, ಯಾರು ಬೇಕಾದರೂ ನೋಡಬಹುದಲ್ಲ ಎಂದು ಓದಿದವರು ಹೇಳುತ್ತಾರೆ. ಉಡುಪಿಯವರಿಗೆ ಈ ಮಾತು ಹಳೆಯದು. ಕನಕನಿಗೆ ಗೋಡೆಯಲ್ಲಿ ಕಿಂಡಿ ಸಿಕ್ಕಿತೆಂದು ಇಷ್ಟು ಕಾಲ ಹಾಡಿ ಹೊಗಳಿದೆವು. ಬಾಗಿಲು ಯಾಕೆ ತೆರೆಯಲಿಲ್ಲ ಎಂದು ಕೇಳಿದವರು ಕಡಿಮೆ. ನೋಡಲು ಬಿಡುವುದು ಬೇರೆ, ಒಳಗೆ ಬಂದು ಮಾತಾಡಲು ಬಿಡುವುದು ಬೇರೆ.

ಆ ಕೇರಿಯ ಅಜ್ಜಿಯ ಮೇಲೆ ಕೇಸು ಆಗಲಿಲ್ಲ. ಬಂದವರು ಎಚ್ಚರಿಕೆ ಹೇಳಿ ಹೋದರು. ಅವಳು ಈಗ ತೋಟದ ತರಗೆಲೆಗೆ ಬೆಂಕಿ ಹಾಕುವ ಮೊದಲು ತಲೆಯೆತ್ತಿ ಆಕಾಶ ನೋಡುತ್ತಾಳಂತೆ. ದೇವರಿಗೂ ಇಷ್ಟು ಹೆದರಿರಲಿಲ್ಲ ಎನ್ನುತ್ತಾಳೆ. ಕಾಪುವಿನ ಚಿಮಣಿಗೆ ಆ ಹೆದರಿಕೆ ಇನ್ನೂ ಬಂದಿಲ್ಲ.