ಗೋಡೆಯೇ ಸಾಕ್ಷಿ

ಸೇವೆಯ ಸಾರ್ಥಕತೆಯನ್ನು ಯಾವುದರಿಂದ ಅಳೆಯಬೇಕು? ಮಾಡಿದವನ ಮನಸ್ಸಿನ ತೃಪ್ತಿಯಿಂದಲೋ, ಮಾಡಿಸಿಕೊಂಡವರ ಹಿತದಿಂದಲೋ? ಮೇಲುನೋಟಕ್ಕೆ ಸುಲಭವೆಂದು ತೋರುವ ಈ ಪ್ರಶ್ನೆ ಆಚರಣೆಯಲ್ಲಿ ಬಹು ಸೂಕ್ಷ್ಮವಾದುದು. ಶಾಲೆಯ ಕೊಠಡಿಗಳಿಗೆ ಸುಣ್ಣ ಬಳಿಯುವ ಒಂದು ಸಾಮಾನ್ಯ ಶ್ರಮದಾನದಿಂದಲೇ ನನಗೆ ಇದರ ಅರಿವಾಯಿತು.

ಕೆಲವು ವರ್ಷಗಳ ಹಿಂದೆ, ಒಂದು ಹಳ್ಳಿಯ ಶಾಲೆಯ ಹತ್ತು ಕೊಠಡಿಗಳಿಗೂ ಒಂದೇ ದಿನದಲ್ಲಿ ಸುಣ್ಣ ಬಳಿಯುವುದೆಂದು ಸಂಕಲ್ಪ ಮಾಡಿದೆವು. ಅರವತ್ತು ಮಂದಿ ಸದ್ಭಕ್ತರು ಉತ್ಸಾಹದಿಂದ ಬಂದರು. ಮಳೆಗಾಲ ಮುಗಿದಿರಲಿಲ್ಲ, ಗೋಡೆಗಳಲ್ಲಿ ಇನ್ನೂ ತೇವವಿತ್ತು. ಹಳೆಯ ಹಕ್ಕಳೆಯನ್ನು ಕೆರೆದು ತೆಗೆಯುವ ತಾಳ್ಮೆ ಯಾರಿಗೂ ಇರಲಿಲ್ಲ. ಸಂಜೆಯ ಹೊತ್ತಿಗೆ ಶಾಲೆಯೆಲ್ಲ ಬೆಳ್ಳಗೆ ಹೊಳೆಯಿತು. ದಾನಿಗಳ ಹೆಸರುಗಳನ್ನು ಬಾಗಿಲ ಮೇಲೆ ಎಣ್ಣೆಬಣ್ಣದಿಂದ ಬರೆಯಿಸಿ, ಧನ್ಯರಾದೆವೆಂದು ಮನೆಗೆ ನಡೆದೆವು. ಮರುವರ್ಷ ನೋಡಿದರೆ ಸುಣ್ಣ ಉದುರಿ ಮಕ್ಕಳ ಪುಸ್ತಕಗಳ ಮೇಲೆ ಬೀಳುತ್ತಿತ್ತು. ಹೆಸರುಗಳು ಮಾತ್ರ ಅಳಿಯದೆ ನಿಂತಿದ್ದವು! ಅಷ್ಟೇ ಅಲ್ಲ, ವರ್ಷವರ್ಷವೂ ಆ ಗೋಡೆಗಳಿಗೆ ಸುಣ್ಣ ಬಳಿದು ಕೂಲಿ ಪಡೆಯುತ್ತಿದ್ದ ವೃದ್ಧನೊಬ್ಬನಿಗೆ ಆ ವರ್ಷದ ಕೂಲಿ ತಪ್ಪಿತ್ತು. ಅಂದಿನ ವ್ಯವಸ್ಥೆ ನನ್ನದಾಗಿತ್ತು, ದೋಷವೂ ನನ್ನದೇ.

ಭಾವ ಶುದ್ಧವಾಗಿದ್ದರೆ ಸಾಲದೇ ಎಂದು ಕೆಲವರು ಕೇಳಬಹುದು. ಸಾಲದು. ಆಯ್ದಕ್ಕಿ ಮಾರಯ್ಯನವರ ಚರಿತ್ರೆಯನ್ನು ನೆನೆಯೋಣ. ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುವುದು ಅವರ ಕಾಯಕ. ಒಂದು ದಿನ ಅವರು ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ, ಪತ್ನಿ ಲಕ್ಕಮ್ಮನವರು ಅದನ್ನು ಮೆಚ್ಚಲಿಲ್ಲ. ಹೆಚ್ಚಾದುದನ್ನು ತಂದಲ್ಲಿಯೇ ಸುರಿದು ಬರುವಂತೆ ಹೇಳಿದರು. ದಾಸೋಹಕ್ಕಾಗಿ ತಂದ ಅಕ್ಕಿಗೂ ಮಿತಿಯುಂಟೆಂಬುದೇ ಇದರ ಮರ್ಮ. ಧನದಾಸೆಯಂತೆಯೇ ಪುಣ್ಯದಾಸೆಯೂ ಅಳತೆ ಮೀರಬಲ್ಲುದು. ಎರಡು ಕೊಠಡಿಗಳಿಗೆ ಸಾಕಾಗುವ ಶಕ್ತಿಯಿಂದ ಹತ್ತನ್ನು ಮುಗಿಸಹೊರಟ ನಮ್ಮ ಉತ್ಸಾಹವು ಅಂತಹ ಆಸೆಯೇ ಆಗಿತ್ತು.

ಎರಡನೆಯ ಸಲ ನಾವು ಬೇರೆ ಕ್ರಮವನ್ನು ಹಿಡಿದೆವು. ಮೊದಲು ಆ ವೃದ್ಧನ ಮನೆಗೆ ಹೋಗಿ ಕ್ಷಮೆ ಬೇಡಿ, ಆತನನ್ನೇ ಗುರುವಾಗಿ ಕರೆತಂದೆವು. ದಿನದ ಕೂಲಿಯನ್ನು ಪೂರ್ಣವಾಗಿ ಕೊಟ್ಟೆವು. ಒಬ್ಬರ ಕಾಯಕವನ್ನು ಕಸಿದು ಮಾಡುವ ದಾನ ದಾಸೋಹವಾಗದಷ್ಟೆ. ಹನ್ನೆರಡು ಜನ ಸಾಕೆಂದನು ಆತ. ಉಳಿದವರಿಗೆ ಬೆಂಚು ಹೊರುವ, ನೀರು ತರುವ, ಅಡುಗೆ ಮಾಡುವ ಕೆಲಸ. ಮಳೆ ಕಳೆದ ಮೇಲೆ, ಸೋರುವ ಹೆಂಚುಗಳನ್ನು ಸರಿಪಡಿಸಿ, ಗೋಡೆ ಆರುವವರೆಗೆ ಕಾದೆವು. ಒಂದು ದಿನವೆಲ್ಲ ಕೆರೆಯುವುದರಲ್ಲಿಯೇ ಕಳೆಯಿತು. ಅರಳಿಸಿದ ಸುಣ್ಣವನ್ನು ನೆನೆಯಿಟ್ಟು, ಬಟ್ಟೆಯಲ್ಲಿ ಸೋಸಿ, ಅಂಟು ಬೆರೆಸಿ, ಗೋಡೆಗೆ ನೀರು ಚಿಮುಕಿಸಿ ತೆಳ್ಳಗೆ ಬಳಿದೆವು. ಒಂದು ಪದರು ಒಣಗಿದ ಮೇಲೆಯೇ ಇನ್ನೊಂದು. ಸುಣ್ಣವು ಗಾಳಿಯ ಸಂಪರ್ಕದಿಂದ ಮೆಲ್ಲಮೆಲ್ಲನೆ ಕಲ್ಲಾಗುವ ವಸ್ತು. ಅವಸರಪಟ್ಟವರಿಗೆ ಅದು ಒಲಿಯದು.

ಮಕ್ಕಳನ್ನು ಈ ಕೆಲಸದಿಂದ ದೂರವಿಟ್ಟೆವು. ಸುಣ್ಣ ಕಣ್ಣಿಗೆ ಬಿದ್ದರೆ ದೃಷ್ಟಿಗೇ ಅಪಾಯ. ಬಾಗಿಲು ಕಿಟಕಿಗಳ ಹಳೆಯ ಎಣ್ಣೆಬಣ್ಣದಲ್ಲಿ ಸೀಸವಿರುವ ಸಂಭವವೂ ಉಂಟು. ಅದರ ಧೂಳು ಎಳೆಯರ ಮೆದುಳಿಗೆ ವಿಷ. ಮನೆಬಳಕೆಯ ಬಣ್ಣಗಳಲ್ಲಿ ಸೀಸವು ಹತ್ತು ಲಕ್ಷ ಭಾಗಗಳಿಗೆ 90ನ್ನು ಮೀರಬಾರದೆಂದು ನಮ್ಮ ದೇಶದಲ್ಲಿ ನಿಯಮವಾದುದೇ 2016ರಲ್ಲಿ. ಆದುದರಿಂದ ಆ ಹಳೆಯ ಬಣ್ಣವನ್ನು ಒಣಗಿದ್ದಾಗ ಉಜ್ಜದೆ, ಒದ್ದೆ ಮಾಡಿಯೇ ತೆಗೆದು, ನೆಲವನ್ನು ಒದ್ದೆಬಟ್ಟೆಯಿಂದ ಒರೆಸಿದೆವು. ದಾನಿಗಳ ಹೆಸರುಗಳೂ ಅದರೊಡನೆ ಹೋದವು. ಯಾರೂ ಮತ್ತೆ ಬರೆಯಿಸಲಿಲ್ಲ.

ಆ ವರ್ಷ ಮುಗಿದುದು ಎರಡೇ ಕೊಠಡಿ. ಆದರೆ ಎರಡು ಮಳೆಗಾಲ ಕಳೆದರೂ ಅಲ್ಲಿ ಸುಣ್ಣ ಉದುರಲಿಲ್ಲ. ಹಿಂದಿನ ಸಾಲಿನ ಮಗುವಿಗೂ ಪುಸ್ತಕದ ಅಕ್ಷರ ಕಾಣುವಷ್ಟು ಬೆಳಕಾಯಿತು.

ಸದ್ಭಕ್ತರೇ, ಸೇವೆ ಮಾಡಿ ಮನೆಗೆ ಮರಳುವಾಗ ನಮ್ಮ ಮನಸ್ಸು ಹಗುರವಾಗುವುದು ಸಹಜ. ಆದರೆ ಆ ಹಗುರವನ್ನು ಪ್ರಮಾಣವೆಂದು ನಂಬದಿರೋಣ. ಒಂದು ವರ್ಷದ ಮೇಲೆ ಮತ್ತೆ ಹೋಗಿ ಗೋಡೆಯನ್ನು ಮುಟ್ಟಿ ನೋಡೋಣ. ಕೈಗೆ ಪುಡಿ ಹತ್ತದಿದ್ದರೆ, ಕೂಲಿಕಾರನ ಒಲೆ ಆರದಿದ್ದರೆ, ಮಗುವಿಗೆ ಕೇಡಾಗದಿದ್ದರೆ, ಅದು ಶಿವನಿಗೆ ಸಂದ ಸೇವೆ.