ಮಾರಿಯೊನ ಪೂರ್ವಾಶ್ರಮ

ಮಾರಿಯೊ ಹುಟ್ಟಿದ್ದು ಯಾವ ಆಟದಲ್ಲಿ ಎಂದು ಕೇಳಿದರೆ, ವಿಡಿಯೊ ಗೇಮ್‌ಗಳ ಚರಿತ್ರೆ ಬಲ್ಲವರು ತಡಮಾಡದೆ 1981ರ ‘ಡಾಂಕಿ ಕಾಂಗ್’ ಎನ್ನುತ್ತಾರೆ. ತೊಂಬತ್ತರ ದಶಕದಲ್ಲಿ ಟಿವಿ ಗೇಮಿಗೆ ಕ್ಯಾಸೆಟ್ ತುರುಕಿ ಆಡಿದ ನಮ್ಮಂಥವರು 1985ರ ‘ಸೂಪರ್ ಮಾರಿಯೊ ಬ್ರದರ್ಸ್’ ಎನ್ನುತ್ತೇವೆ. ಅವನಿಗೊಂದು ಪೂರ್ವಾಶ್ರಮವಿತ್ತು ಎಂಬುದೇ ನಮಗೆ ಗೊತ್ತಿರಲಿಲ್ಲ. ದಾಖಲೆ ಇರುವುದು ಅವರ ಕಡೆ. ಆದರೂ ನಾವು ಹೇಳಿದ್ದೇ ಸರಿ ಎಂದು ನನ್ನ ವಾದ.

ದಾಖಲೆಯನ್ನೇ ನೋಡೋಣ. ಅಮೆರಿಕದಲ್ಲಿ ಮಾರಾಟವಾಗದೆ ಉಳಿದ ‘ರೇಡಾರ್ ಸ್ಕೋಪ್’ ಯಂತ್ರಗಳಿಗೆ ಹೊಸ ಆಟವೊಂದನ್ನು ತುಂಬಬೇಕಿತ್ತು. ನಿಂಟೆಂಡೊ ಕಂಪನಿ ಆ ಕೆಲಸವನ್ನು ಶಿಗೆರು ಮಿಯಾಮೊಟೊ ಎಂಬ ತರುಣ ಕಲಾವಿದನಿಗೆ ಒಪ್ಪಿಸಿತು. ಅವನು ಗೊರಿಲ್ಲಾ, ಅದು ಹೊತ್ತೊಯ್ದ ಹೆಣ್ಣು ಮತ್ತು ಒಬ್ಬ ಬಡಗಿಯನ್ನು ಸೃಷ್ಟಿಸಿದ. ಇದ್ದಷ್ಟು ಚುಕ್ಕಿಗಳಲ್ಲಿ ಬಾಯಿ ಮೂಡದೆ ಮೀಸೆ ಬಂತು, ಕೂದಲು ಬಿಡಿಸಲಾಗದೆ ಟೋಪಿ ಬಂತು. ಅಮೆರಿಕದ ಆಟಗಾರರಿಗೆ ಅವನು ‘ಜಂಪ್‌ಮ್ಯಾನ್’. ಮಾರಿಯೊ ಎಂಬ ಹೆಸರು ಅಲ್ಲಿನ ಗೋದಾಮಿನ ಮಾಲೀಕ ಮಾರಿಯೊ ಸಿಗೇಲ್ ಅವರಿಂದ ಬಂದದ್ದು.

ಅಂದರೆ ರೂಪ ಮೊದಲು, ನಾಮ ಆಮೇಲೆ. ನಾಮರೂಪ ಎರಡೂ ಕೂಡಿದರೆ ವ್ಯಕ್ತಿ ಸಿದ್ಧ ಅನ್ನುವುದಾದರೆ 1982ರ ‘ಡಾಂಕಿ ಕಾಂಗ್ ಜೂನಿಯರ್’ ಕಾಲು ಅಡ್ಡ ಹಾಕುತ್ತದೆ. ಅಲ್ಲಿ ಅದೇ ಮೀಸೆ, ಅದೇ ಟೋಪಿ, ಹೆಸರೂ ಮಾರಿಯೊ. ಆದರೆ ಗೊರಿಲ್ಲಾವನ್ನು ಬೋನಿಗೆ ಹಾಕಿದ ಖಳ ಅವನು; ನಾವು ಆಡುವುದು ಅಪ್ಪನನ್ನು ಬಿಡಿಸಲು ಬಂದ ಮರಿಯ ಪರವಾಗಿ. ವೇಷ ಬದಲಾಗದೆ ಪಾತ್ರವೇ ತಲೆಕೆಳಗಾಯಿತು!

ಆಟದಲ್ಲಿ ಪಾತ್ರವನ್ನು ನಾವು ಗುರುತಿಸುವುದು ಕಣ್ಣಿನಿಂದಲ್ಲ, ಹೆಬ್ಬೆರಳಿನಿಂದ. ಮಾರಿಯೊ ಎಂದರೆ ನೆಗೆತ. ‘ಡಾಂಕಿ ಕಾಂಗ್’ನಲ್ಲೂ ನೆಗೆತವಿದೆಯಲ್ಲ ಎನ್ನಬಹುದು. ಇದೆ, ಆದರೆ ಅದು ಉರುಳಿಬರುವ ಪೀಪಾಯಿಯಿಂದ ತಪ್ಪಿಸಿಕೊಳ್ಳುವವನ ನೆಗೆತ. ನೆಗೆದ ಮೇಲೆ ದಿಕ್ಕು ಬದಲಿಸುವಂತಿಲ್ಲ. ತುಸು ಎತ್ತರದಿಂದ ಬಿದ್ದರೂ ಸತ್ತ. ಸುತ್ತಿಗೆ ಸಿಕ್ಕಾಗ ಹೊಡೆಯಬಹುದು, ಆದರೆ ಅಷ್ಟು ಹೊತ್ತು ನೆಗೆಯುವಂತಿಲ್ಲ! ಹೊಡೆತ ಬೇರೆ, ನೆಗೆತ ಬೇರೆ. 1983ರ ‘ಮಾರಿಯೊ ಬ್ರದರ್ಸ್’ನಲ್ಲಿ ಬಡಗಿ ಪ್ಲಂಬರ್ ಆದ, ಲುಯಿಜಿ ಎಂಬ ತಮ್ಮ ಜೊತೆಯಾದ. ಆಗಲೂ ಆಮೆಯನ್ನು ನೆಲದಡಿಯಿಂದ ಗುದ್ದಿ ಮಗುಚಬೇಕಿತ್ತು. ಮೇಲೆ ಹಾರಿದರೆ ಸಾಯುತ್ತಿದ್ದವನು ಇವನೇ.

1985ರಲ್ಲಿ ನೆಗೆತದ ಈ ಪಾಡು ತಿರುಗಿತು. ಗುಂಡಿ ಒತ್ತಿ ಹಿಡಿದಷ್ಟೂ ಎತ್ತರ, ಗಾಳಿಯಲ್ಲೇ ಹಿಂದೆ ಮುಂದೆ ಸರಿಯುವ ಸ್ವಾತಂತ್ರ್ಯ, ಎಷ್ಟೇ ಎತ್ತರದಿಂದ ನೆಲಕ್ಕೆ ಬಂದರೂ ಪೆಟ್ಟಿಲ್ಲ. (2020ರಲ್ಲಿ ನಿಂಟೆಂಡೊ 35ನೇ ವರ್ಷ ಆಚರಿಸಿದ್ದೂ ಇದೇ ಲೆಕ್ಕದಲ್ಲಿ. ಆದರೆ ವ್ಯಾಪಾರಿಗಳ ಪಂಚಾಂಗವನ್ನು ನಾನು ಸಾಕ್ಷಿಯಾಗಿ ತರುವುದಿಲ್ಲ.)

ಹಾಗಾದರೆ ಪ್ರತಿ ಬದಲಾವಣೆಯೂ ಹೊಸ ಹುಟ್ಟೇ? 1996ರ ‘ಸೂಪರ್ ಮಾರಿಯೊ 64’ರಲ್ಲಿ ಮೂರು ಆಯಾಮ ಬಂತು, ನೆಗೆತದ ಬಗೆಗಳು ಹೆಚ್ಚಿದವು. ಅದು ಬೆಳವಣಿಗೆ, ನೆಗೆತದ ಅರ್ಥ ಅಲ್ಲಿ ಬದಲಾಗಲಿಲ್ಲ. ಅರ್ಥ ಬದಲಾದದ್ದು 1985ರ ಆಟದ ಮೊದಲ ಹಂತದ ಮೊದಲ ಕ್ಷಣಗಳಲ್ಲಿ. ಬಲಗಡೆಯಿಂದ ಗೂಂಬಾ ಎಂಬ ಕಂದು ಬಣ್ಣದ ಶತ್ರು ನಡೆದು ಬರುತ್ತದೆ. ಹೊಸಬ ಹೆದರಿ ಗುಂಡಿ ಒತ್ತುತ್ತಾನೆ, ಅಂದಾಜು ತಪ್ಪಿ ಸೀದಾ ಅದರ ತಲೆಯ ಮೇಲೆ ಇಳಿಯುತ್ತಾನೆ. ಚಪ್ಪಟೆಯಾದದ್ದು ಗೂಂಬಾ.